ದುಬೈಗೆ ಹೊರಟಿರಾ? ಮೊದಲು ಕಾಗದ ಓದಿ!



ಮೊನ್ನೆ ನಮ್ಮ ಪ್ರೆಸ್ಸಿಗೆ ಒಬ್ಬ ಹುಡುಗ ಬಂದಿದ್ದ. ನೂರು ವಿಸಿಟಿಂಗ್ ಕಾರ್ಡ್ ಬೇಕಂತೆ. "ದುಬೈಗೆ ಹೊರಟಿದ್ದೀನಿ ಅಣ್ಣ, ವಿಸಿಟ್ ವೀಸಾ. ಅಲ್ಲಿ ಇಳಿದ ಮೇಲೆ ಕೆಲಸ ಕೊಡಿಸ್ತಾರಂತೆ" ಅಂದ. ಯಾರು ಕೊಡಿಸ್ತಾರೆ? ಏಜೆಂಟ್! ಕಾಗದ ಏನಾದರೂ ಕೊಟ್ಟಿದ್ದಾನಾ ಎಂದೆ. ಇಂಗ್ಲಿಷಿನ ಒಂದು ಹಾಳೆ ತೆಗೆದು ತೋರಿಸಿದ. ಓದಿದೆಯಾ ಎಂದರೆ ತಲೆ ಕೆರೆದುಕೊಂಡ. ಇಪ್ಪತ್ತು ವರ್ಷ ಪ್ರೂಫ್ ತಿದ್ದಿದ ಕಣ್ಣು ನನ್ನದು. ಕಂಪನಿಯ ಹೆಸರೇ ಎರಡು ಕಡೆ ಎರಡು ಥರ! ಸಂಬಳದ ಜಾಗ ಖಾಲಿ!

ದುಬೈಗೆ ಹೋಗಬೇಡಿ ಎಂದು ಈ ಪತ್ರಿಕೆ ಹೇಳುವುದಿಲ್ಲ. ಖಂಡಿತ ಹೋಗಿ. ಬೆಂಗಳೂರಿನಿಂದ ಸುಮಾರು ನಾಲ್ಕು ಗಂಟೆಯ ಹಾರಾಟ. ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಂಡರಾಯಿತು. ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋದರೆ ಹವೆ ಹಿತ. ಜೂನ್, ಜುಲೈನಲ್ಲಿ ಹೋದರೆ 40 ಡಿಗ್ರಿ ದಾಟಿದ ಬಿಸಿಲು ನಿಮ್ಮನ್ನು ಹುರಿದುಬಿಡುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ನೇರ ಬಿಸಿಲಿನಲ್ಲಿ ಕೂಲಿ ಮಾಡಿಸುವಂತಿಲ್ಲ ಎಂದು ಅಲ್ಲಿನ ಸರ್ಕಾರವೇ ನಿಯಮ ಮಾಡಿದೆ ಎಂದರೆ ಆ ಬಿಸಿಲು ಎಂಥದ್ದೆಂದು ಲೆಕ್ಕ ಹಾಕಿ.

2010ರಲ್ಲಿ ಬಾಗಿಲು ತೆರೆದ 828 ಮೀಟರಿನ ಬುರ್ಜ್ ಖಲೀಫಾ ನೋಡಿ. ಆದರೆ ಅಷ್ಟಕ್ಕೇ ವಾಪಸ್ ಬರಬೇಡಿ. 1787ರ ಅಲ್ ಫಹೀದಿ ಕೋಟೆಯನ್ನೂ ನೋಡಿ. ಕ್ರೀಕ್‌ನಲ್ಲಿ ಚಿಲ್ಲರೆ ಕಾಸಿಗೆ ಅಬ್ರಾ ದೋಣಿ ಹತ್ತಿ ದೇರಾ ಕಡೆ ದಾಟಿ. ಗಾಜಿನ ಗೋಪುರಗಳಿಗಿಂತ ಮೊದಲು ಅಲ್ಲಿ ಒಂದು ಊರಿತ್ತು ಎಂಬುದು ತಿಳಿಯುತ್ತದೆ.

ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಲಿ. ಅಮ್ಮ ಪ್ರೀತಿಯಿಂದ ಗಸಗಸೆ ಕಟ್ಟಿಕೊಟ್ಟರೆ ಮನೆಯಲ್ಲೇ ಬಿಟ್ಟು ಹೋಗಿ! ನಮಗೆ ಪಾಯಸ, ಅವರ ಕಾನೂನಿಗೆ ಮಾದಕ ವಸ್ತು. ಕೊಡೀನ್, ಟ್ರಮಡಾಲ್ ಇರುವ ಮಾತ್ರೆಗಳಿಗೆ ಮೊದಲೇ ಅನುಮತಿ ಬೇಕು. ಇದನ್ನು ಅರಿಯದೆ ಜೈಲು ಕಂಡವರಿದ್ದಾರೆ.

ಈಗ ಮುಖ್ಯ ಮಾತು. ವಿಸಿಟ್ ವೀಸಾ ಇರುವುದು ಊರು ನೋಡುವುದಕ್ಕೆ, ದುಡಿಯುವುದಕ್ಕಲ್ಲ. ಅದರಲ್ಲಿ ದುಡಿಯುವುದು ಅಪರಾಧ. ಸಿಕ್ಕಿಬಿದ್ದರೆ ಏಜೆಂಟ್ ಫೋನ್ ಎತ್ತುವುದಿಲ್ಲ. ಕೆಲಸಕ್ಕೇ ಹೋಗುವುದಾದರೆ ಏಜೆಂಟ್ ನೋಂದಾಯಿತನೇ ಎಂದು ಭಾರತ ಸರ್ಕಾರದ ಇ-ಮೈಗ್ರೇಟ್‌ನಲ್ಲಿ ನೋಡಿ. ತೆರಿಗೆ ಬಿಟ್ಟು 30,000 ರೂಪಾಯಿಗಿಂತ ಹೆಚ್ಚು ಸೇವಾ ಶುಲ್ಕ ಕೇಳುವ ಹಕ್ಕು ಅವನಿಗಿಲ್ಲ. ನಿಮ್ಮ ಪಾಸ್‌ಪೋರ್ಟನ್ನು ಮಾಲೀಕ ಕಿತ್ತಿಟ್ಟುಕೊಳ್ಳುವುದಕ್ಕೆ ಅಲ್ಲಿನ ಕಾನೂನಿನಲ್ಲೂ ಅವಕಾಶವಿಲ್ಲ.

ಇನ್ನೊಂದು ಸಂಗತಿ ಕೇಳಿ, ರಕ್ತ ಕುದಿಯುತ್ತದೆ. 2016ರಲ್ಲಿ ಯುಎಇ ಸರ್ಕಾರ ಕೆಲಸದ ಕರಾರನ್ನು ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲೂ ಕೊಡಬೇಕೆಂದು 11 ಭಾಷೆಗಳ ವ್ಯವಸ್ಥೆ ಮಾಡಿತು. ಹಿಂದಿ ಇತ್ತು, ಉರ್ದು ಇತ್ತು, ಮಲಯಾಳಂ ಇತ್ತು, ತಮಿಳು ಇತ್ತು. ಕನ್ನಡ ಇರಲಿಲ್ಲ! ಮಂಗಳೂರು, ಉಡುಪಿ, ಭಟ್ಕಳದ ಜನ ದಶಕಗಳಿಂದ ಅಲ್ಲಿ ಬೆವರು ಸುರಿಸಿದ್ದಾರೆ. ಅವರ ಭಾಷೆಗೆ ಆ ಹಾಳೆಯಲ್ಲಿ ಜಾಗ ಸಿಗಲಿಲ್ಲ. ತಪ್ಪು ಅರಬರದೇ? ಅಲ್ಲ. ಅವರು ತಮ್ಮ ಭಾಷೆಯನ್ನು ಮೊದಲಿಟ್ಟು ಉಳಿದವರಿಗೂ ಜಾಗ ಕೊಟ್ಟರು. ಕೇಳಬೇಕಾದವರು ನಾವು. ದೆಹಲಿಯ ವಿದೇಶಾಂಗ ಇಲಾಖೆಗೆ, ದುಬೈನ ಭಾರತೀಯ ಕಾನ್ಸುಲೇಟಿಗೆ ನಮ್ಮ ರಾಜ್ಯ ಸರ್ಕಾರ ಒತ್ತಾಯದಿಂದ ಬರೆಯಲಿ. ಸರ್ಕಾರ ಬರೆಯುವಂತೆ ನೀವು ಒತ್ತಾಯಿಸಿ.

ಇದು ಬರೀ ಅಭಿಮಾನದ ಮಾತಲ್ಲ, ಹೊಟ್ಟೆಪಾಡಿನ ಮಾತು. ತಿಳಿಯದ ಭಾಷೆಯ ಹಾಳೆಗೆ ಸಹಿ ಹಾಕಿದವನು ತನ್ನ ಕೈಯಾರೆ ತನ್ನ ಬದುಕನ್ನು ಬರೆದುಕೊಟ್ಟಂತೆ.

ಆ ಹುಡುಗನ ಕಾರ್ಡನ್ನು ನಾನಿನ್ನೂ ಪ್ರಿಂಟ್‌ಗೆ ಹಾಕಿಲ್ಲ. "ಸರಿಯಾದ ಕಾಗದ ತಗೊಂಡು ಬಾ, ಕೂತು ಓದೋಣ. ಆಮೇಲೆ ನೂರಲ್ಲ, ಇನ್ನೂರು ಕಾರ್ಡ್ ಹಾಕಿಕೊಡ್ತೀನಿ, ದುಡ್ಡು ಬೇಡ" ಅಂದಿದ್ದೇನೆ.

ನಿಮ್ಮ ಬೀದಿಯಲ್ಲೂ ಅಂಥ ಒಬ್ಬ ಹುಡುಗ ಇರಬಹುದು. ಅವನು ವಿಮಾನ ಹತ್ತುವ ಮುನ್ನ ಆ ಹಾಳೆಯನ್ನು ಕನ್ನಡದಲ್ಲಿ ಓದಿ ಹೇಳಿ.