ದಾದಿಯ ಮೌನವು ಸಹನೆಯಲ್ಲ

ರೋಗಿಯ ಕಡೆಯವರು ಬೈದರು, ತಳ್ಳಿದರು, ಕೈ ಹಿಡಿದೆಳೆದರು ಎಂಬುದನ್ನು ದಾದಿಯು ಮೇಲಧಿಕಾರಿಗಳಿಗೆ ಹೇಳುವುದಿಲ್ಲ, ಮನೆಯಲ್ಲೂ ಹೇಳುವುದಿಲ್ಲ. ಯಾಕೆ? ಆಸ್ಪತ್ರೆಯಲ್ಲಿ ಹೇಳಿದರೆ ‘ಹೊಂದಿಕೊಳ್ಳಲಾರದವಳು’ ಎಂಬ ಹೆಸರು. ಮನೆಯಲ್ಲಿ ಹೇಳಿದರೆ ‘ನಾಳೆಯಿಂದ ಕೆಲಸ ಬೇಡ’ ಎಂಬ ತೀರ್ಪು. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ಹೆಣ್ಮಕ್ಕಳಲ್ಲಿ ನಮ್ಮ ಸಮುದಾಯದವರೂ ಇದ್ದಾರೆ. ಅನ್ಯಾಯವೆಸಗಿದವನನ್ನು ಬಿಟ್ಟು, ಅದಕ್ಕೆ ತುತ್ತಾದವಳನ್ನು ಮನೆಯಲ್ಲಿ ಕೂರಿಸುವ ಈ ನ್ಯಾಯ ಯಾವ ಧರ್ಮದ್ದು?

ಕುರ್‌ಆನಿನದ್ದಂತೂ ಅಲ್ಲ. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದನ್ನು ಅಲ್ಲಾಹನು ಮೆಚ್ಚುವುದಿಲ್ಲ ಎನ್ನುವ ‘ಅನ್ನಿಸಾ’ ಅಧ್ಯಾಯದ 148ನೇ ಸೂಕ್ತವು ಮರ್ದಿತರಿಗೆ ಮಾತ್ರ ವಿನಾಯಿತಿ ನೀಡಿದೆ. ದೂರುವುದು ಮರ್ದಿತರ ಹಕ್ಕು. ಮದೀನಾದ ಮಸೀದಿಯ ಡೇರೆಯಲ್ಲಿ ಗಾಯಾಳುಗಳನ್ನು ಶುಶ್ರೂಷೆ ಮಾಡಿದ ರುಫೈದಾ(ರ)ರನ್ನು ವೇದಿಕೆಗಳಲ್ಲಿ ಕೊಂಡಾಡುವ ನಾವು, ವಾರ್ಡಿನಲ್ಲಿರುವ ಅವರ ಉತ್ತರಾಧಿಕಾರಿಗಳ ಮೇಲೆ ದನಿಯೇರಿಸುವುದು ಆತ್ಮವಂಚನೆಯಲ್ಲವೇ?

ಮುಚ್ಚಿಟ್ಟ ದೂರು ಯಾರಿಗೆ ಲಾಭ ಎಂಬುದಕ್ಕೆ ನಮ್ಮ ಕರಾವಳಿಯದ್ದೇ ನಿದರ್ಶನವಿದೆ. ಹೊನ್ನಾವರದ ಹಳದೀಪುರದ ದಾದಿ ಅರುಣಾ ಶಾನಭಾಗ್ 1973ರ ನವೆಂಬರ್‌ನಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದಾಳಿಗೊಳಗಾದರು. ದಾಳಿಕೋರ ರೋಗಿಯಲ್ಲ, ಅಲ್ಲಿನದೇ ನೌಕರ. ಮರ್ಯಾದೆಯ ಹೆಸರಿನಲ್ಲಿ ಲೈಂಗಿಕ ದೌರ್ಜನ್ಯವನ್ನು ದೂರಿನಿಂದ ಹೊರಗಿಡಲಾಯಿತು. ಹಲ್ಲೆ ಮತ್ತು ದರೋಡೆಗಷ್ಟೇ ಅವನಿಗೆ ಶಿಕ್ಷೆಯಾಯಿತು. ಅವನು ಜೈಲಿನಿಂದ ಹೊರಬಂದ. ಆಕೆ 2015ರ ಮೇ ತಿಂಗಳಲ್ಲಿ ಮರಣ ಹೊಂದುವವರೆಗೂ ಹಾಸಿಗೆಯಿಂದ ಏಳಲಿಲ್ಲ.

ಇಂದು ಕಾನೂನಿದೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯುವ ರಾಜ್ಯದ 2009ರ ಕಾಯ್ದೆಯು ದಾದಿಯರನ್ನೂ ನರ್ಸಿಂಗ್ ವಿದ್ಯಾರ್ಥಿಗಳನ್ನೂ ಒಳಗೊಂಡಿದೆ. ಅದರಡಿ ಅಪರಾಧವು ಜಾಮೀನುರಹಿತ. ಕೋಲ್ಕತ್ತಾದ ಆರ್‌.ಜಿ. ಕರ್ ಘಟನೆಯ ಬಳಿಕ 2024ರ ಆಗಸ್ಟ್‌ನಲ್ಲಿ, ಹಿಂಸೆ ನಡೆದರೆ 6 ತಾಸುಗಳೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ದಾಖಲಿಸಬೇಕೆಂದು ಕೇಂದ್ರ ಸರಕಾರವು ತನ್ನ ಆಸ್ಪತ್ರೆಗಳಿಗೆ ಸೂಚಿಸಿತು. ಜಿಲ್ಲೆಯ ಖಾಸಗಿ ಆಸ್ಪತ್ರೆಗಳೂ ಇದನ್ನು ತಮ್ಮ ನಿಯಮವಾಗಿಸಲಿ. ದೂರು ನೀಡಿದವಳ ಪಾಳಿ ಬದಲಿಸಿ ಕೈತೊಳೆದುಕೊಳ್ಳುವುದು ಪರಿಹಾರವಲ್ಲ.

ಬಿಲ್ಲು ದುಬಾರಿ, ಚಿಕಿತ್ಸೆ ವಿಳಂಬ ಎಂಬ ನೋವು ಸುಳ್ಳಲ್ಲ. ಆದರೆ ಬಿಲ್ಲನ್ನು ನಿರ್ಧರಿಸುವವಳು ದಾದಿಯಲ್ಲ. ಆಡಳಿತದ ಮೇಲಿನ ಸಿಟ್ಟನ್ನು ಆಡಳಿತಕ್ಕೇ ಲಿಖಿತವಾಗಿ ತಲುಪಿಸುವ ಬದಲು ಕೈಗೆ ಸಿಕ್ಕ ದುರ್ಬಲರ ಮೇಲೆ ತೀರಿಸಿಕೊಳ್ಳುವುದು ಹೇಡಿತನ.

ಸಹೋದರಿಯರೇ, ಬೈಗುಳವನ್ನೂ ಬೆದರಿಕೆಯನ್ನೂ ದಿನಾಂಕ, ಸಮಯ, ಸಾಕ್ಷಿಗಳ ಸಹಿತ ಅಂದೇ ಬರೆದು ಕೊಡಿ. ಹೆತ್ತವರೇ, ಮಗಳನ್ನು ಕೆಲಸ ಬಿಡಿಸಬೇಡಿ, ಅವಳೊಂದಿಗೆ ಠಾಣೆಗೆ ಹೋಗಿ. ಜಮಾಅತ್‌ಗಳೇ, ರೋಗಿ ಸಂದರ್ಶನದ ಪುಣ್ಯವನ್ನು ಸಾರುವ ಖುತ್ಬಾದಲ್ಲಿ ಅದರ ಶಿಷ್ಟಾಚಾರವನ್ನೂ ಕಲಿಸಿರಿ. ಹಲ್ಲೆ ಮಾಡಿದವನು ನಮ್ಮವನೇ ಆಗಿದ್ದರೆ ರಾಜಿಗೆಂದು ಆಸ್ಪತ್ರೆಯ ಮೆಟ್ಟಿಲು ಹತ್ತದಿರಿ.