ಚೆಂಡಿನ ಬೆಲೆ ಮತ್ತು ಆಟದ ವೆಚ್ಚ

ಬಳ್ಳಾರಿಯ ವರ್ತಕರಿಗೆ ವರ್ಷದಲ್ಲಿ ಎರಡು ಮೂರು ಬಾರಿಯಾದರೂ ಬರುವ ಬೇಡಿಕೆಯೊಂದಿದೆ. ಕೊಳಗಲ್ಲಿನಂತಹ ಗ್ರಾಮದ ಯುವಕ ಸಂಘದವರೋ, ಕುರುಗೋಡು ಅಥವಾ ಸಿರುಗುಪ್ಪದ ಕಡೆಯ ಶಾಲೆಯ ದೈಹಿಕ ಶಿಕ್ಷಕರೋ ಅಂಗಡಿಗೆ ಬಂದು ಮಕ್ಕಳಿಗೆ ಒಂದು ವಾಲಿಬಾಲ್ ಕೊಡಿಸಬೇಕೆಂದು ಕೇಳುತ್ತಾರೆ. ಇಂತಹ ಬೇಡಿಕೆಗೆ ಇಲ್ಲವೆನ್ನುವ ವರ್ತಕರು ವಿರಳ. ಆದರೆ ಕೊಡುವ ಚೆಂಡು ಯಾವುದಾಗಿರಬೇಕೆಂಬ ವಿಚಾರ ಬಂದಾಗ, ಆಳನ್ನು ಕಳುಹಿಸಿ ಇದ್ದುದರಲ್ಲಿ ಅಗ್ಗದ್ದೊಂದನ್ನು ತರಿಸಿಕೊಡುವುದರೊಂದಿಗೆ ಪ್ರಕರಣ ಮುಗಿಯುತ್ತದೆ. ಶಾಲೆಗಳ ಖರೀದಿಯೂ ಇದಕ್ಕಿಂತ ಭಿನ್ನವಲ್ಲ. ಮೂರು ದರಪಟ್ಟಿ ತರಿಸಿ, ಕನಿಷ್ಠ ದರಕ್ಕೆ ಮಂಜೂರು ನೀಡಿದರೆ ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಎಲ್ಲವೂ ಸರಿ. ದರಪಟ್ಟಿಯಲ್ಲಿ 'ವಾಲಿಬಾಲ್ – 1' ಎಂದಷ್ಟೇ ಬರೆದಿದ್ದರೆ ಮೂವರು ಮಾರಾಟಗಾರರೂ ಮೂರು ಬೇರೆ ಬೇರೆ ವಸ್ತುಗಳಿಗೆ ದರ ನಮೂದಿಸಿರುತ್ತಾರೆ ಎಂಬುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

ಇದೇ ಊರಿನ ಜೀನ್ಸ್ ತಯಾರಕರು ಡೆನಿಮ್ ಬಟ್ಟೆಯನ್ನು ಖರೀದಿಸುವಾಗ ಎಷ್ಟು ಔನ್ಸಿನದು, ಪನ್ನಾ ಎಷ್ಟು, ತೊಳೆದ ಮೇಲೆ ಎಷ್ಟು ಕುಗ್ಗುತ್ತದೆ ಎಂದು ಕೇಳದೆ ಒಂದು ಮೀಟರನ್ನೂ ಒಪ್ಪುವವರಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯವರು ಭತ್ತದ ತೇವಾಂಶ ನೋಡದೆ ದರ ಹೇಳುವವರಲ್ಲ. ಚೆಂಡಿನ ವಿಷಯದಲ್ಲಿ ಮಾತ್ರ ಈ ವ್ಯವಹಾರಜ್ಞಾನ ಏಕೆ ಬದಿಗೆ ಸರಿಯುತ್ತದೆಯೋ ತಿಳಿಯದು. ದಾನದ ವಸ್ತು ತಾನೇ ಎಂಬ ಉದಾಸೀನವೂ ಇದ್ದೀತು.

ವಾಲಿಬಾಲ್ ಆಟದ ಅಳತೆಗಳು ಗುಟ್ಟಿನ ಸಂಗತಿಯೇನಲ್ಲ. ಎಫ್‌ಐವಿಬಿ ಎಂದು ಕರೆಯಲಾಗುವ ಅಂತರರಾಷ್ಟ್ರೀಯ ಒಕ್ಕೂಟದ ನಿಯಮಾವಳಿಯಂತೆ ಚೆಂಡಿನ ಸುತ್ತಳತೆ 65ರಿಂದ 67 ಸೆಂಟಿಮೀಟರ್, ತೂಕ 260ರಿಂದ 280 ಗ್ರಾಂ, ಒಳಗಿನ ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕಿಲೋಗ್ರಾಂ ಇರಬೇಕು. ಹೊರಮೈ ಚರ್ಮದ್ದಾಗಿರಬಹುದು, ಕೃತಕ ಚರ್ಮದ್ದೂ ಆಗಿರಬಹುದು. ಒಳಗೆ ರಬ್ಬರಿನ ಅಥವಾ ಅಂತಹುದೇ ವಸ್ತುವಿನ ಬ್ಲಾಡರ್ ಇರಬೇಕು. ಸಾಮಾನ್ಯವಾಗಿ 'ಒಳಾಂಗಣ ವಾಲಿಬಾಲ್' ಎನ್ನುವುದು ಇದನ್ನೇ. ಮರಳಿನ ಮೇಲೆ ಆಡುವ ಬೀಚ್ ವಾಲಿಬಾಲಿನ ಚೆಂಡು ಇದಕ್ಕಿಂತ ತುಸು ದೊಡ್ಡದು, ಅದರ ಒತ್ತಡವೂ ಕಡಿಮೆ. ಆ ಚೆಂಡಿನಲ್ಲಿ ಅಭ್ಯಾಸ ಮಾಡಿದ ಕೈಗೆ ಈ ಚೆಂಡು ಒಗ್ಗುವುದಿಲ್ಲ.

ಕೊಳಗಲ್ಲಿನ ಹುಡುಗರು ಆಡುವುದು ಬಯಲಿನಲ್ಲಿ, ಅವರಿಗೇಕೆ ಒಳಾಂಗಣದ ಚೆಂಡು ಎಂಬ ಪ್ರಶ್ನೆ ಏಳುವುದು ಸಹಜ. ತಾಲೂಕು ಮಟ್ಟದಿಂದ ಮೇಲಕ್ಕೆ ನಡೆಯುವ ಶಾಲಾ ಪಂದ್ಯಗಳು ಬಯಲಿನಲ್ಲೇ ನಡೆದರೂ ಆಡಿಸುವುದು ಇದೇ ಅಳತೆಯ, ಮೆದು ಹೊರಮೈಯ ಚೆಂಡಿನಲ್ಲಿ ಎಂಬುದೇ ಇದಕ್ಕೆ ಉತ್ತರ. ವರ್ಷವಿಡೀ ಗಟ್ಟಿ ರಬ್ಬರ್ ಚೆಂಡಿನಲ್ಲಿ ಆಡಿದ ತಂಡ ಪಂದ್ಯದ ದಿನ ಮೊದಲ ಬಾರಿಗೆ ಮೆದು ಚೆಂಡನ್ನು ಮುಟ್ಟಿದರೆ ಅದರ ಸರ್ವ್ ಅಂಕಣದಾಚೆ ಬೀಳುತ್ತದೆ, ಪಾಸ್ ಕೈಗೆ ಸಿಗದೆ ಜಾರುತ್ತದೆ. ಸೋತವರು ಹಳ್ಳಿಯ ಮಕ್ಕಳು, ತರಬೇತಿ ಸಾಲದು ಎಂದು ನೋಡಿದವರು ತೀರ್ಮಾನಿಸುತ್ತಾರೆ. ಸಾಲದಿದ್ದುದು ತರಬೇತಿಯೋ ಚೆಂಡೋ ಎಂದು ವಿಚಾರಿಸುವವರಿಲ್ಲ.

ಮಾರುಕಟ್ಟೆಯಲ್ಲಿರುವ ಚೆಂಡುಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಅಚ್ಚಿನಲ್ಲಿ ಎರಕ ಹೊಯ್ದಂತಹ ರಬ್ಬರ್ ಚೆಂಡು. ಇದು ಅಗ್ಗ, ಗರಸು ನೆಲದಲ್ಲಿ ಬಾಳಿಕೆಯೂ ಉಂಟು. ಆದರೆ ಮುಂಗೈಗೆ ಕಲ್ಲು ತಗುಲಿದಂತೆ ತಗಲುತ್ತದೆ. ಹತ್ತು ಹನ್ನೆರಡು ವರ್ಷದ ಮಗು, ಅದರಲ್ಲೂ ಹೊಸದಾಗಿ ಆಟಕ್ಕಿಳಿದ ಹುಡುಗಿ, ಎರಡು ದಿನ ಕೈ ಕೆಂಪಾಗಿಸಿಕೊಂಡು ಮೂರನೆಯ ದಿನ ಬಾರದಿರಲು ಇಷ್ಟೇ ಕಾರಣ ಸಾಕು. ಎರಡನೆಯದು ಕೃತಕ ಚರ್ಮದ ಪ್ಯಾನೆಲುಗಳನ್ನು ಹೊಲಿದು ಅಥವಾ ಅಂಟಿಸಿ ಮಾಡಿದ ಮಧ್ಯಮ ದರ್ಜೆಯ ಚೆಂಡು. ಇದರಲ್ಲಿಯೂ ಪಿವಿಸಿ ಹೊದಿಕೆಯದು ಬಿರುಸು, ಪಾಲಿಯುರೆಥೇನ್ ಅಂದರೆ ಪಿಯು ಹೊದಿಕೆಯದು ಮೆದು. ಮೂರನೆಯದು ಮೈಕ್ರೋಫೈಬರ್ ಹೊರಮೈಯ, ದೊಡ್ಡ ಪಂದ್ಯಾವಳಿಗಳಿಗೆ ಮೀಸಲಾದ ಚೆಂಡು. ಜಪಾನಿನ ಹಿರೋಷಿಮಾದ ಮಿಕಾಸಾ ಕಂಪನಿಯ ಹಳದಿ-ನೀಲಿ ಚೆಂಡು ಈ ವರ್ಗದಲ್ಲಿ ಪ್ರಸಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಎಂಟು ಪ್ಯಾನೆಲಿನ ಚೆಂಡನ್ನು ತಂದ ಆ ಕಂಪನಿ, 2019ರಿಂದ ಹದಿನೆಂಟು ಪ್ಯಾನೆಲಿನದನ್ನು ಅಂತರರಾಷ್ಟ್ರೀಯ ಪಂದ್ಯಗಳಿಗೆ ಒದಗಿಸುತ್ತಿದೆ. ಇದೇ ಹಳದಿ-ನೀಲಿ ಬಣ್ಣದ ನಕಲುಗಳು ಸಂತೆಯಲ್ಲಿಯೂ ದೊರೆಯುತ್ತವೆ. ಬಣ್ಣವೊಂದೇ ಗುಣದ ಪ್ರಮಾಣವಾಗಲಾರದು.

ಕೊಳಗಲ್ಲಿನ ಅಂಕಣಕ್ಕೆ ಮೂರನೆಯ ವರ್ಗದ ಚೆಂಡು ಬೇಡ. ಮರದ ಅಥವಾ ಸಿಂಥೆಟಿಕ್ ನೆಲಕ್ಕೆಂದು ಮಾಡಿದ ಹೊರಮೈ ಗರಸಿಗೆ ಉಜ್ಜಿದರೆ ಬೇಗನೆ ಎಕ್ಕಡದ ಅಟ್ಟೆಯಂತಾಗುತ್ತದೆ. ಅಗ್ಗದ ರಬ್ಬರ್ ಚೆಂಡೂ ಬೇಡ. ಅಳತೆ ತೂಕಗಳಲ್ಲಿ ನಿಯಮಕ್ಕೆ ಹೊಂದುವ, ಪಿಯು ಹೊದಿಕೆಯ ಮಧ್ಯಮ ದರ್ಜೆಯ ದೇಶೀ ಚೆಂಡೇ ಸೂಕ್ತ, ಅದೂ ಒಂದಲ್ಲ, ಕನಿಷ್ಠ ಎರಡು. ಹನ್ನೆರಡು ಮಕ್ಕಳಿಗೆ ಒಂದೇ ಚೆಂಡಿದ್ದರೆ ಒಂದು ಗಂಟೆಯ ಅಭ್ಯಾಸದಲ್ಲಿ ಬಹುಪಾಲು ಮಕ್ಕಳು ಮಾಡುವುದು ನಿಂತು ನೋಡುವ ಕೆಲಸ. ಜಲಂಧರ್ ಮತ್ತು ಮೀರತ್‌ನಲ್ಲಿ ಇಂತಹ ಚೆಂಡುಗಳನ್ನು ಮಾಡುವವರಿಗೆ ಕೊರತೆಯಿಲ್ಲ. 1947ರ ದೇಶವಿಭಜನೆಯಾದಾಗ ಸಿಯಾಲ್‌ಕೋಟ್‌ನಿಂದ ಬಂದ ಕುಶಲಕರ್ಮಿಗಳು ಈ ಎರಡು ಊರುಗಳಲ್ಲಿ ನೆಲೆನಿಂತು ಕ್ರೀಡಾ ಸಾಮಗ್ರಿಯ ಉದ್ಯಮವನ್ನು ಬೆಳೆಸಿದರು. ಜಲಂಧರಿನ ನಿವಿಯಾ, ಹಾಗೆಯೇ ಕಾಸ್ಕೊ ಮುಂತಾದ ಹೆಸರುಗಳು ಬಳ್ಳಾರಿಯ ಕ್ರೀಡಾ ಸಾಮಗ್ರಿ ಅಂಗಡಿಗಳಿಗೆ ಅಪರಿಚಿತವಲ್ಲ. ಒಂದೇ ಹೆಸರಿನಡಿ ಅಗ್ಗದ್ದೂ ಉತ್ತಮವೂ ಇರುವುದರಿಂದ ಹೆಸರನ್ನಷ್ಟೇ ಕೇಳಿ ಕೊಳ್ಳುವಂತಿಲ್ಲ.

ಇನ್ನು ವೆಚ್ಚದ ವಿಚಾರ. ವರ್ತಕರಾದವರು ಯಂತ್ರವನ್ನು ಕೊಳ್ಳುವಾಗ ಅದರ ಬೆಲೆಯನ್ನಷ್ಟೇ ಅಲ್ಲ, ಆಯುಷ್ಯವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಚೆಂಡಿಗೂ ಅದೇ ಕ್ರಮವನ್ನು ಅನ್ವಯಿಸಬೇಕು. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 25 ದಿನ ಆಡಿದರೆ ತಿಂಗಳಿಗೆ 50 ಗಂಟೆಯಾಯಿತು. ರೂ. 400ರ ಚೆಂಡು ಎರಡು ತಿಂಗಳಲ್ಲಿ ಹೊಲಿಗೆ ಬಿಟ್ಟಿತೆಂದು ಇಟ್ಟುಕೊಳ್ಳೋಣ. ಒಂದು ಗಂಟೆಯ ಆಟಕ್ಕೆ ತಗುಲಿದ ವೆಚ್ಚ ರೂ. 4. ರೂ. 1,000ದ ಚೆಂಡು ಎಂಟು ತಿಂಗಳು ಬಾಳಿದರೆ ಗಂಟೆಗೆ ರೂ. 2.50. ರೂ. 6,000ದ ಚೆಂಡು ಒಂದು ವರ್ಷ ಬಾಳಿದರೂ ಗಂಟೆಗೆ ರೂ. 10. ಇವು ಲೆಕ್ಕದ ಕ್ರಮವನ್ನು ತೋರಿಸಲು ಹಿಡಿದ ಅಂಕಿಗಳು. ಪ್ರತಿಯೊಂದು ಶಾಲೆಯೂ ತನ್ನ ನೆಲ, ತನ್ನ ಅಂಗಡಿಯ ದರಗಳನ್ನು ಹಾಕಿ ನೋಡಿಕೊಳ್ಳಬೇಕು. ಆದರೆ ಬಿಲ್ಲಿನಲ್ಲಿ ಅಗ್ಗವಾಗಿ ಕಂಡದ್ದು ಬಳಕೆಯಲ್ಲಿ ದುಬಾರಿಯಾಗುವ ಸಾಧ್ಯತೆ ಇದರಿಂದ ಸ್ಪಷ್ಟವಾಗುತ್ತದೆ.

ಹಣವೇ ಇಲ್ಲ ಎಂಬ ಮಾತನ್ನು ಪೂರ್ಣವಾಗಿ ಒಪ್ಪಲಾಗದು. ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಡಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ ರೂ. 5,000, ಹಿರಿಯ ಪ್ರಾಥಮಿಕಕ್ಕೆ ರೂ. 10,000, ಪ್ರೌಢಶಾಲೆಗೆ ರೂ. 25,000ದವರೆಗೆ ಕ್ರೀಡಾ ಅನುದಾನಕ್ಕೆ ಅವಕಾಶವಿದೆ. ಈ ಮೊತ್ತದಲ್ಲಿ ಎಲ್ಲ ಆಟಗಳ ಸಾಮಗ್ರಿಯೂ ಬರಬೇಕು ಎಂಬುದು ನಿಜ. ಹಾಗಿದ್ದರೂ ಎರಡು ಸಾಧಾರಣ ಒಳ್ಳೆಯ ಚೆಂಡುಗಳಿಗೆ ಇದರಲ್ಲಿ ಜಾಗವಿಲ್ಲವೆನ್ನಲಾಗದು. ತೆರಿಗೆಯೂ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಕ್ರೀಡಾ ಸಾಮಗ್ರಿಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಬಂದಿದೆ. ತೆರಿಗೆ ಹೊರತಾಗಿ ರೂ. 1,000 ಇರುವ ಚೆಂಡು ಮೊದಲು ರೂ. 1,120 ಆಗುತ್ತಿತ್ತು, ಈಗ ರೂ. 1,050. ಸಾಮಾನ್ಯ ವ್ಯಾಯಾಮದ ಉಪಕರಣಗಳಿಗೆ ಈ ಇಳಿಕೆ ಅನ್ವಯಿಸದು. ಡಂಬೆಲ್ಸನ್ನೂ ಚೆಂಡನ್ನೂ ಒಂದೇ ಬಿಲ್ಲಿನಲ್ಲಿ ಮಾರುವವರು ದರಗಳನ್ನು ಬೇರೆ ಬೇರೆ ನಮೂದಿಸಬೇಕು. ಕೊಳ್ಳುವವರು ಹಳೆಯ ಎಂಆರ್‌ಪಿಯನ್ನೇ ತೆತ್ತು ಬಾರದೆ ಬಿಲ್ಲಿನಲ್ಲಿ ತೆರಿಗೆಯ ದರವನ್ನು ನೋಡುವುದು ಒಳಿತು.

ದಾನವಾಗಿ ಕೊಡುವ ವರ್ತಕರು ಒಂದು ಅಂಶವನ್ನು ನೆನಪಿಡಬೇಕು. ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲೆ ತೆತ್ತ ಜಿಎಸ್‌ಟಿಗೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ಕಾಯ್ದೆಯ 17(5)ನೇ ಕಲಮು ಇದನ್ನು ತಡೆಯುತ್ತದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ವೆಚ್ಚಕ್ಕೂ 2023ರ ಅಕ್ಟೋಬರ್ 1ರಿಂದ ಇದೇ ನಿಯಮ. ಆದರೆ 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿ ಸ್ಪಷ್ಟವಾಗಿ ಸೇರಿದೆ. ಗಣಿ ಮತ್ತು ಉಕ್ಕಿನ ಜಿಲ್ಲೆಯಲ್ಲಿ ಈ ಬಾಬಿನ ಹಣಕ್ಕೆ ಬರವಿಲ್ಲ. ತೋರಣಗಲ್ಲಿನ ಬಳಿ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಂತಹ ದೊಡ್ಡ ಯೋಜನೆಗಳು ಕುಸ್ತಿ, ಬಾಕ್ಸಿಂಗ್, ಜೂಡೊ ಮುಂತಾದವಕ್ಕೆ ನೆರವಾಗಿವೆ. ಹಳ್ಳಿಯ ಸಂಜೆಯ ಆಟವಾದ ವಾಲಿಬಾಲಿಗೆ ಬೇಕಾಗಿರುವುದು ಅಷ್ಟು ದೊಡ್ಡ ಹಣವಲ್ಲ, ಖರೀದಿಯಲ್ಲಿ ಸ್ವಲ್ಪ ವಿವೇಚನೆ.

ವಿವೇಚನೆಗೆ ಪರಿಣತರೇ ಬೇಕೆಂದಿಲ್ಲ. ಕಿರಾಣಿ ಅಂಗಡಿಯ ತಕ್ಕಡಿ ಮತ್ತು ದರ್ಜಿಯ ಟೇಪು ಇದ್ದರೆ ಸಾಕು. ಗಾಳಿ ತುಂಬಿದ ಚೆಂಡಿನ ಸುತ್ತ ಟೇಪನ್ನು ಎರಡು ದಿಕ್ಕಿನಲ್ಲಿ ಹಿಡಿದರೆ ಅಳತೆಯೂ ತಿಳಿಯುತ್ತದೆ, ಗುಂಡಗಿದೆಯೇ ಇಲ್ಲವೇ ಎಂಬುದೂ ತಿಳಿಯುತ್ತದೆ. ತಕ್ಕಡಿಯಲ್ಲಿ 300 ಗ್ರಾಂ ದಾಟಿದ ಚೆಂಡನ್ನು ಎಷ್ಟು ಅಗ್ಗವಾದರೂ ಬಿಟ್ಟುಬಿಡಬೇಕು. ತಿರುಗಿಸಿ ಮೇಲಕ್ಕೆಸೆದಾಗ ಓಲಾಡುವ ಚೆಂಡಿನಲ್ಲಿ ವಾಲ್ವಿನ ಭಾರ ಸರಿದೂಗಿಲ್ಲವೆಂದು ಅರ್ಥ. ಸಾಧ್ಯವಾದರೆ ಗಾಳಿ ತುಂಬಿ ಒಂದು ರಾತ್ರಿ ಇರಿಸಿ, ಬೆಳಿಗ್ಗೆ ನೋಡಿ ಹಣ ಕೊಡುವ ಕರಾರು ಮಾಡಿಕೊಳ್ಳಬೇಕು. ತೀರ ಚಿಕ್ಕ ಮಕ್ಕಳಿಗಾದರೆ ಹಗುರವಾದ ಚೆಂಡನ್ನೇ ಕೇಳಬೇಕು; ಜಪಾನಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಆಡುವ ಚೆಂಡು 200ರಿಂದ 220 ಗ್ರಾಂ ಮಾತ್ರ.

ಬಳ್ಳಾರಿಯ ಬಿಸಿಲನ್ನೂ ಮರೆಯುವಂತಿಲ್ಲ. ಬೆಳಿಗ್ಗೆ 25 ಡಿಗ್ರಿಯಲ್ಲಿ 0.31ಕ್ಕೆ ಗಾಳಿ ತುಂಬಿದ ಚೆಂಡು ಮಧ್ಯಾಹ್ನ 45 ಡಿಗ್ರಿಯ ಬಿಸಿಲಿನಲ್ಲಿ ಬಿದ್ದಿದ್ದರೆ ಒಳಗಿನ ಒತ್ತಡ ಸುಮಾರು 0.40ಕ್ಕೆ ಏರುತ್ತದೆ. ಅಂಟು ಬಿಡುವುದು, ಉಬ್ಬು ಬರುವುದು ಆಗಲೇ. ಸೈಕಲ್ ಪಂಪಿನಿಂದ ಕೈಗೆ ಗಟ್ಟಿಯೆನಿಸುವವರೆಗೆ ಗಾಳಿ ಹೊಡೆಯುವ ರೂಢಿ ಇದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ. ಚೆಂಡಿನ ಜೊತೆ ಒತ್ತಡ ತೋರಿಸುವ ಸಣ್ಣ ಗೇಜೊಂದನ್ನು, ಎರಡು ಸೂಜಿಗಳನ್ನು ಕೊಟ್ಟರೆ ದಾನದ ಬೆಲೆ ಹೆಚ್ಚು ಏರದು, ಚೆಂಡಿನ ಆಯುಷ್ಯವಂತೂ ಏರುತ್ತದೆ. ಸೂಜಿಯನ್ನು ಒದ್ದೆ ಮಾಡಿ ಚುಚ್ಚಬೇಕೆಂಬ ಮಾತನ್ನೂ ಹೇಳಿ ಕಳುಹಿಸಬೇಕು. ಒಣ ಸೂಜಿಯಿಂದ ಹರಿದ ವಾಲ್ವು ದುರಸ್ತಿಯಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ನಷ್ಟ ಬೀರುವಿನಲ್ಲಿದೆ. ಹೇಗೋ ದೊರೆತ ಒಳ್ಳೆಯ ಚೆಂಡು ದಾಸ್ತಾನು ವಹಿಯಲ್ಲಿ ದಾಖಲಾಗಿ, ಹಾಳಾದರೆ ಉತ್ತರ ಹೇಳಬೇಕಾದೀತೆಂಬ ಭಯದಿಂದ ಮುಖ್ಯೋಪಾಧ್ಯಾಯರ ಬೀರುವನ್ನು ಸೇರುತ್ತದೆ. ಮಕ್ಕಳು ಹೊಲಿಗೆ ಬಿಟ್ಟ ಹಳೆಯದರಲ್ಲಿ ಆಡುತ್ತಾರೆ. ಎರಡು ಮೂರು ವರ್ಷ ಗಾಳಿಯಿಲ್ಲದೆ ಮಡಿಸಿ ಬಿದ್ದ ಬ್ಲಾಡರ್ ಬಳಸದೆಯೇ ಬಿರುಕು ಬಿಡುತ್ತದೆ. ವಹಿಯಲ್ಲಿ ಮಾತ್ರ ಚೆಂಡು ಸುಸ್ಥಿತಿಯಲ್ಲಿರುತ್ತದೆ. ಇದರಲ್ಲಿ ಶಿಕ್ಷಕರದಷ್ಟೇ ತಪ್ಪಿಲ್ಲ, ಸವೆದುಹೋಗುವ ವಸ್ತುವನ್ನು ಪೀಠೋಪಕರಣದಂತೆ ಲೆಕ್ಕ ಕೇಳುವ ಕ್ರಮದ ತಪ್ಪೂ ಇದೆ. ಚೆಂಡು ಸೀಮೆಸುಣ್ಣದ ಜಾತಿಯದು, ಕುರ್ಚಿಯ ಜಾತಿಯದಲ್ಲ.

ವಾಣಿಜ್ಯ ಸಂಸ್ಥೆಯ ಸದಸ್ಯರು ಈ ವಿಷಯದಲ್ಲಿ ಒಂದಾಗಿ ನಡೆದರೆ ಸುಲಭವಾಗಿ ಆಗುವ ಕೆಲಸಗಳಿವೆ. ಬಿಡಿಯಾಗಿ ಒಂದೊಂದು ಚೆಂಡು ಕೊಡುವ ಬದಲು ಶಾಲೆಗಳು ತೆರೆಯುವ ಮುನ್ನ ಬೇಡಿಕೆಗಳನ್ನು ಒಟ್ಟುಗೂಡಿಸಿ, ಸುತ್ತಳತೆ, ತೂಕ, ಪಿಯು ಹೊದಿಕೆ, ಬ್ಲಾಡರಿನ ಬಗೆ, ಬದಲಿಸಿಕೊಡುವ ಅವಧಿ ಇಷ್ಟನ್ನು ಬರೆದ ದರಪಟ್ಟಿಯನ್ನು ಊರಿನ ಅಂಗಡಿಗಳಿಂದಲೇ ತರಿಸಬಹುದು. ಸಗಟು ಖರೀದಿಯ ರಿಯಾಯಿತಿ ಸಿಗುತ್ತದೆ, ವ್ಯಾಪಾರವೂ ಊರಿನಲ್ಲಿಯೇ ಉಳಿಯುತ್ತದೆ. ಚೆಂಡಿನ ಮೇಲೆ ದಾನಿಯ ಹೆಸರು ಬರೆಸುವ ಆಸೆಯಿದ್ದರೆ ಬರೆಸಲಿ. ಅದರ ಪಕ್ಕದಲ್ಲಿ ಬಳಕೆಗೆ ತೆಗೆದ ದಿನಾಂಕವನ್ನೂ ಬರೆಸಬೇಕು. ಶಾಲೆಯವರು ವಹಿಯಲ್ಲಿ 'ಬಳಕೆಗೆ ಕೊಟ್ಟ ದಿನ', 'ಬಳಕೆಯಿಂದ ತೆಗೆದ ದಿನ' ಎಂಬ ಎರಡು ಕಾಲಂ ಹಾಕಿಕೊಂಡರೆ ಮುಂದಿನ ವರ್ಷ ಯಾವ ಚೆಂಡನ್ನು ಕೊಳ್ಳಬೇಕೆಂಬುದಕ್ಕೆ ಕೊಳಗಲ್ಲಿನದೇ ಅಂಕಿಗಳು ಕೈಗೆ ಸಿಗುತ್ತವೆ.