ಅಮೆರಿಕದ ಕೋವಿ ಕಾಯಿದೆ: ಯಾರಿಗೆ ಬೇಲಿ, ಯಾರಿಗೆ ಬಾಗಿಲು?

ಅಮೆರಿಕದಲ್ಲಿ ಕೋವಿಗೆ ಕಾಯಿದೆಯೇ ಇಲ್ಲವೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಅದು ತಪ್ಪು. ಕಾಯಿದೆ ಇದೆ, 1934ರಿಂದಲೂ ಇದೆ. ಆದರೆ ಅದು ಯಾರನ್ನು ತಡೆಯುತ್ತದೆ, ಯಾರನ್ನು ಬಿಡುತ್ತದೆ? ನಾವು ಕೇಳಬೇಕಾದ ಪ್ರಶ್ನೆ ಇದು. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಆ ದೇಶದಲ್ಲಿ ದುಡಿಯುತ್ತಿದ್ದಾರೆ. ಪರದೇಶದ ಮಾತು ನಮಗೇಕೆ ಎಂದು ಕೈ ತೊಳೆದುಕೊಳ್ಳುವಂತಿಲ್ಲ.

1929ರ ಫೆಬ್ರವರಿ 14ರಂದು ಚಿಕಾಗೊ ನಗರದಲ್ಲಿ ಗೂಂಡಾಗಳು ಏಳು ಜನರನ್ನು ಗೋಡೆಗೆ ನಿಲ್ಲಿಸಿ ಗುಂಡಿಟ್ಟು ಕೊಂದರು. ಅವರ ಕೈಯಲ್ಲಿದ್ದುದು ಮಷಿನ್‌ಗನ್ನು. ಇಂಥ ಕೊಲೆಗಳಿಂದ ದೇಶವೇ ಬೆಚ್ಚಿತು. ರೂಸ್‌ವೆಲ್ಟರ ಸರಕಾರ 1934ರಲ್ಲಿ ರಾಷ್ಟ್ರೀಯ ಬಂದೂಕು ಕಾಯಿದೆಯನ್ನು ತಂದಿತು. ಮಷಿನ್‌ಗನ್ನು, ಸದ್ದಡಗಿಸುವ ಸೈಲೆನ್ಸರು, ಗಿಡ್ಡ ನಳಿಗೆಯ ಬಂದೂಕು ಇವೆಲ್ಲ ಸರಕಾರದ ಪುಸ್ತಕಕ್ಕೆ ಸೇರಬೇಕು. ಕೈ ಬದಲಾದಾಗಲೆಲ್ಲ 200 ಡಾಲರು ತೆರಿಗೆ ತೆರಬೇಕು. ಆಗ ಒಂದು ಥಾಂಪ್ಸನ್ ಮಷಿನ್‌ಗನ್ನಿನ ಬೆಲೆಯೇ ಸುಮಾರು 200 ಡಾಲರು.

ಮೊದಲ ಮಸೂದೆಯಲ್ಲಿ ಪಿಸ್ತೂಲು, ರಿವಾಲ್ವರುಗಳೂ ಇದ್ದವು. ಬಂದೂಕು ಸಂಘದವರು ವಿರೋಧಿಸಿದರು, ಅವನ್ನು ಕೈಬಿಡಲಾಯಿತು. ಜನರಿಗೆ ಬಗೆದ ಮೊದಲ ದ್ರೋಹ ಇದು.

ಅದರ ಫಲ ಇಂದಿಗೂ ಕಣ್ಣೆದುರಿಗಿದೆ. ಒಬ್ಬ ತನ್ನ ಸೈಲೆನ್ಸರನ್ನು ನೆರೆಯವನಿಗೆ ಮಾರಬೇಕೆನ್ನಿ. ಕೇಂದ್ರ ಸರಕಾರಕ್ಕೆ ಅರ್ಜಿ, ಕೊಳ್ಳುವವನ ಬೆರಳಚ್ಚು, ಭಾವಚಿತ್ರ, ಸ್ಥಳೀಯ ಪೊಲೀಸ್ ಮುಖ್ಯಸ್ಥನಿಗೆ ಒಂದು ಪ್ರತಿ. ಮಂಜೂರಾತಿ ಬರುವ ತನಕ ವಸ್ತುವನ್ನು ಕೈಗೆ ಕೊಡುವಂತಿಲ್ಲ. ಕೊಳ್ಳುವವನು ಬೇರೆ ರಾಜ್ಯದವನಾದರೆ ಅವನ ರಾಜ್ಯದ ಲೈಸೆನ್ಸುಳ್ಳ ವ್ಯಾಪಾರಿಯ ಮೂಲಕವೇ ಹೋಗಬೇಕು. ತಪ್ಪಿದರೆ 10 ವರ್ಷದವರೆಗೆ ಜೈಲು. ಅದೇ ಮನುಷ್ಯ ತನ್ನ ಪಿಸ್ತೂಲನ್ನು ಅದೇ ರಾಜ್ಯದ ನೆರೆಯವನಿಗೆ ಮಾರಿದರೆ? ಕೆಲವು ರಾಜ್ಯಗಳು ತಾವಾಗಿ ನಿಯಮ ಮಾಡಿವೆ. ಕೇಂದ್ರದ ಕಾಯಿದೆ ಮಾತ್ರ ಕೊಳ್ಳುವವನ ಪೂರ್ವಾಪರ ವಿಚಾರಿಸು ಎಂದು ಮಾರುವವನಿಗೆ ಹೇಳುವುದಿಲ್ಲ. ಆ ದೇಶದಲ್ಲಿ ಗುಂಡಿಗೆ ಬಲಿಯಾಗುವವರಲ್ಲಿ ಹೆಚ್ಚಿನವರು ಬಲಿಯಾಗುವುದು ಪಿಸ್ತೂಲಿಗೇ! ಕಿಟಕಿಗೆ ಸರಳು ಹಾಕಿ ಹೆಬ್ಬಾಗಿಲು ತೆರೆದಿಡುವುದನ್ನು ಕಾವಲು ಎನ್ನುತ್ತಾರೆಯೇ?

ತೆರಿಗೆಯ ಕಥೆ ಇನ್ನೂ ವಿಚಿತ್ರ. 1934ರ 200 ಡಾಲರು ಇಂದಿನ 4,000ಕ್ಕೂ ಹೆಚ್ಚು. ಆದರೆ ಆ ಮೊತ್ತವನ್ನು ಒಮ್ಮೆಯೂ ಏರಿಸಲಿಲ್ಲ. ಅಂದು ಗೋಡೆಯಾಗಿದ್ದುದು ಬರುಬರುತ್ತ ಹೊಸ್ತಿಲಾಯಿತು. ಇನ್ನು ವರ್ಷಕ್ಕೆ 500 ಅಥವಾ 1,000 ಡಾಲರು ವಿಶೇಷ ತೆರಿಗೆ ಕಟ್ಟಿದ ವ್ಯಾಪಾರಿಗಳು ತಮ್ಮತಮ್ಮೊಳಗೆ ವರ್ಗಾಯಿಸಿಕೊಂಡರೆ ಆ 200 ಡಾಲರೂ ಇಲ್ಲ. 2025ರಲ್ಲಿ ಮಾಡಿದ ಕಾಯಿದೆಯಂತೆ 2026ರ ಜನವರಿ 1ರಿಂದ ಸೈಲೆನ್ಸರಿಗೂ ಗಿಡ್ಡ ನಳಿಗೆಯ ಬಂದೂಕಿಗೂ ತೆರಿಗೆ ಸೊನ್ನೆ! ಪುಸ್ತಕ ಉಳಿದಿದೆ, ಸುಂಕ ಹೋಗಿದೆ. ಇದರಿಂದ ಹಿಗ್ಗಿದವರು ಯಾರು? ಬಂದೂಕು ಕಾರ್ಖಾನೆಗಳ ಧಣಿಗಳು.

ಮಷಿನ್‌ಗನ್ನಿನ ದಾರಿ ಬೇರೆ. 1986ರ ಮೇ 19ರ ಬಳಿಕ ತಯಾರಾದ ಮಷಿನ್‌ಗನ್ನನ್ನು ಖಾಸಗಿಯವರ ಹೆಸರಿಗೆ ದಾಖಲಿಸುವಂತಿಲ್ಲ. ಸಂಖ್ಯೆ ನಿಂತಿತು, ಬೆಲೆ ನೆಗೆಯಿತು. ಇಂದು ಹಳೆಯದೊಂದಕ್ಕೆ ಹತ್ತಾರು ಸಾವಿರ ಡಾಲರು. ಜನರ ರಕ್ಷಣೆಗೆಂದು ಮಾಡಿದ ಕಟ್ಟಳೆ ಸಿರಿವಂತನ ತಿಜೋರಿಯಲ್ಲಿ ಆಸ್ತಿಯಾಗಿ ಕೂತಿದೆ.

ಕೊಲೆಗಾರ ಕಾಯಿದೆ ಓದುವುದಿಲ್ಲ, ಆದ್ದರಿಂದ ದಾಖಲೆ ವ್ಯರ್ಥ ಎಂದು ಬಂದೂಕು ವ್ಯಾಪಾರದ ವಕೀಲರು ವಾದಿಸುತ್ತಾರೆ. ಅವರ ದೇಶದ ಅನುಭವವೇ ಅದಕ್ಕೆ ಉತ್ತರ. ದಾಖಲಾದ ಮಷಿನ್‌ಗನ್ನಿನಿಂದ ಕೊಲೆ ನಡೆದದ್ದು ಬಹು ಅಪರೂಪ. ಹೆಸರು ಬರೆದ ಕಡೆ ಕೈ ಹಿಡಿತದಲ್ಲಿದೆ. ಹೆಸರು ಬರೆಯದ ಕಡೆ ಹೆಣ ಬೀಳುತ್ತಿದೆ.

ಕೋವಿ ಹಿಡಿಯುವುದು ನಮ್ಮ ಹಕ್ಕು, ಸ್ವಾತಂತ್ರ್ಯ ಎಂದು ಅವರು ಘೋಷಿಸುತ್ತಾರೆ. ಶಾಲೆಗೆ ಹೋದ ಮಗು, ರಾತ್ರಿ ಪಾಳಿ ಮುಗಿಸಿದ ಕೂಲಿ, ಗಲ್ಲಾದ ಮುಂದೆ ಕುಳಿತ ಅಂಗಡಿಯವ ಇವರು ಜೀವಸಹಿತ ಮನೆ ಸೇರುವುದು ಸ್ವಾತಂತ್ರ್ಯವಲ್ಲವೆ?

ಗಿರಣಿಯ ಬಂಧುಗಳೇ, ಸಣ್ಣ ವ್ಯಾಪಾರಿಗಳೇ, ಶುಲ್ಕದ ಕಟ್ಟೆ ಯಾರನ್ನು ತಡೆಯುತ್ತದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಅದು ಕೆಟ್ಟವನನ್ನು ತಡೆಯುವುದಿಲ್ಲ, ಇಲ್ಲದವನನ್ನು ತಡೆಯುತ್ತದೆ. ಆದ್ದರಿಂದ ನಾವು ಹೇಳುತ್ತೇವೆ: ವಿಚಾರಿಸಬೇಕಾದ್ದು ಮನುಷ್ಯನನ್ನು, ಅವನ ಥೈಲಿಯನ್ನಲ್ಲ. ಅಮೆರಿಕದ ದುಡಿಯುವ ಜನ 1934ರಲ್ಲಿ ಕೈಬಿಟ್ಟ ಪಿಸ್ತೂಲನ್ನು ಆ ಪುಸ್ತಕಕ್ಕೆ ಸೇರಿಸುವಂತೆ ತಮ್ಮ ಸರಕಾರವನ್ನು ಒತ್ತಾಯಿಸಲಿ. ಬಡವನಿಗೂ ಧನಿಕನಿಗೂ ಒಂದೇ ಪುಸ್ತಕ, ಒಂದೇ ವಿಚಾರಣೆ ಇರಲಿ. ಅಲ್ಲಿಯವರೆಗೆ ಅದು ಜನರ ಕಾಯಿದೆಯಲ್ಲ, ಸಾವಿನ ವ್ಯಾಪಾರಿಗಳ ಕಾಯಿದೆ.